ಬಿಸಿ, ಎಣ್ಣೆ, ಹುಳಿ: ಮೂರನ್ನೂ ಪ್ಲಾಸ್ಟಿಕ್‌ನಿಂದ ದೂರವಿಡಿ

ಕೆಲವು ತಿಂಗಳ ಹಿಂದೆ ಆರು ತಿಂಗಳ ಗರ್ಭಿಣಿಯೊಬ್ಬರು ಅತ್ತೆಯ ಜೊತೆ ನನ್ನ ದವಾಖಾನೆಗೆ ಬಂದಿದ್ದರು. ಬಂದದ್ದು ಎದೆಯುರಿಗೆಂದು. ಔಷಧಿ ಬರೆದುಕೊಟ್ಟ ಮೇಲೂ ಅವರು ಕುರ್ಚಿಯಿಂದ ಏಳಲಿಲ್ಲ. "ಡಾಕ್ಟ್ರೇ, ಮೊಬೈಲಿನಲ್ಲಿ ಒಂದು ವೀಡಿಯೊ ನೋಡಿದೆ. ಹೊಟ್ಟೆಯಲ್ಲಿರುವ ಮಗುವಿನ ಮಾಸಿನಲ್ಲೂ ಪ್ಲಾಸ್ಟಿಕ್ ಸಿಕ್ಕಿದೆಯಂತೆ. ಅದನ್ನು ತೊಳೆದು ತೆಗೆಯುವ ಔಷಧಿ ಯುನಾನಿಯಲ್ಲಿ ಇದೆಯಾ?" ಎಂದು ಕೇಳಿದರು. ಅವರು ಕೇಳುತ್ತಿದ್ದ ಹಾಗೆಯೇ ಅತ್ತೆಯ ಕೈಯಲ್ಲಿ ಒಂದು ತೆಳ್ಳನೆಯ ಪ್ಲಾಸ್ಟಿಕ್ ಕವರ್ ತೂಗುತ್ತಿತ್ತು. ಸೊಸೆಗೆ ಹಸಿವಾದೀತೆಂದು ಹೋಟೆಲಿನಿಂದ ಕಟ್ಟಿಸಿ ತಂದ ಗಂಜಿ. ಕವರಿನ ಒಳಗೆಲ್ಲ ಹಬೆ ಕಟ್ಟಿಕೊಂಡಿತ್ತು.

ಅಂತಹ ಔಷಧಿ ಯುನಾನಿಯಲ್ಲಿ ಇಲ್ಲ, ಬೇರೆ ಯಾವ ವೈದ್ಯ ಪದ್ಧತಿಯಲ್ಲೂ ಇಲ್ಲ ಎಂದು ಅವರಿಗೆ ಹೇಳಿದೆ. ಆದರೆ ಆ ಕವರನ್ನು ತೋರಿಸಿ ಮತ್ತೊಂದು ಮಾತನ್ನೂ ಹೇಳಿದೆ. ಆ ಮಾತನ್ನೇ ನಿಮಗೂ ಸ್ವಲ್ಪ ವಿವರವಾಗಿ ಹೇಳಬೇಕೆಂದು ಈ ಲೇಖನ.

ಪ್ಲಾಸ್ಟಿಕ್ ಒಂದೇ ವಸ್ತುವಲ್ಲ

ಪ್ಲಾಸ್ಟಿಕ್ ಎಂದರೆ ಉದ್ದನೆಯ ಸರಪಳಿಯಂತೆ ಜೋಡಿಸಿದ ರಾಸಾಯನಿಕ. ಆ ಸರಪಳಿ ಗಟ್ಟಿ, ಅದು ಸುಲಭವಾಗಿ ಕರಗುವುದಿಲ್ಲ. ಆದರೆ ಅದನ್ನು ಬಾಟಲಿ, ಕವರ್, ಡಬ್ಬಿ ಮಾಡುವಾಗ ಮೆದುವಾಗಲು, ಗಟ್ಟಿಯಾಗಲು, ಬಣ್ಣ ಬರಲು, ಬಿಸಿಲಿಗೆ ಒಡೆಯದಿರಲು ಬೇರೆ ಬೇರೆ ವಸ್ತುಗಳನ್ನು ಸೇರಿಸುತ್ತಾರೆ. ಇವುಗಳಲ್ಲಿ ಹಲವು ಸರಪಳಿಗೆ ಬಿಗಿಯಾಗಿ ಅಂಟಿಕೊಂಡಿರುವುದಿಲ್ಲ. ಅವಕಾಶ ಸಿಕ್ಕಾಗ ಹೊರಬಂದು ಆಹಾರಕ್ಕೆ ಸೇರಿಕೊಳ್ಳುತ್ತವೆ.

ಎರಡು ಹೆಸರುಗಳನ್ನು ನೆನಪಿಟ್ಟುಕೊಂಡರೆ ಸಾಕು. ಒಂದು ಬಿಸ್ಫಿನಾಲ್-ಎ, ಚಿಕ್ಕದಾಗಿ ಬಿಪಿಎ. ಗಾಜಿನಂತೆ ಕಾಣುವ ಗಟ್ಟಿ ಪಾಲಿಕಾರ್ಬೊನೇಟ್ ಬಾಟಲಿ ಮತ್ತು ನೀರಿನ ಕ್ಯಾನ್‌ಗಳಲ್ಲಿ, ತಗಡಿನ ಡಬ್ಬಿಗಳ ಒಳಲೇಪನದಲ್ಲಿ, ಅಂಗಡಿಯ ಯಂತ್ರದಿಂದ ಬರುವ ನುಣುಪು ಬಿಲ್ಲಿನ ಕಾಗದದಲ್ಲಿ ಇದು ಬಳಕೆಯಾಗುತ್ತಾ ಬಂದಿದೆ. ಇನ್ನೊಂದು ಥಾಲೇಟ್. ಪಿವಿಸಿಯನ್ನು ಬಾಗುವಂತೆ ಮೆದು ಮಾಡುವುದು ಇದೇ. ರೆಕ್ಸಿನ್, ಮೆದು ಪೈಪ್, ಮೇಜಿನ ಮೇಲೆ ಹಾಸುವ ಹಾಳೆ ಇಂತಹವುಗಳಲ್ಲಿ ಇರುತ್ತದೆ.

ಇವು ಹೊಟ್ಟೆಗೆ ಹೋದ ಕೂಡಲೇ ವಾಂತಿ, ಭೇದಿ ತರುವ ವಿಷಗಳಲ್ಲ. ಹಾಗಿದ್ದರೆ ನಾವು ಎಂದೋ ಎಚ್ಚೆತ್ತುಕೊಳ್ಳುತ್ತಿದ್ದೆವು. ಇವುಗಳ ತೊಂದರೆ ಬೇರೆ. ನಮ್ಮ ದೇಹದಲ್ಲಿ ಹಾರ್ಮೋನುಗಳು ಕೀಲಿಯಂತೆ ಕೆಲಸ ಮಾಡುತ್ತವೆ. ಒಂದೊಂದು ಬೀಗಕ್ಕೆ ಒಂದೊಂದು ಕೀಲಿ. ಬಿಪಿಎ ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್‌ನ ನಕಲಿ ಕೀಲಿಯಂತೆ ವರ್ತಿಸುತ್ತದೆ. ಇದು ಹೊಸ ಸುದ್ದಿಯೇನೂ ಅಲ್ಲ. 1930ರ ದಶಕದಲ್ಲಿಯೇ ವಿಜ್ಞಾನಿಗಳು ಈಸ್ಟ್ರೋಜನ್‌ನಂತೆ ಕೆಲಸ ಮಾಡುವ ವಸ್ತುಗಳನ್ನು ಹುಡುಕುತ್ತಾ ಇದರ ಈ ಗುಣವನ್ನು ಕಂಡಿದ್ದರು. ಹಾರ್ಮೋನುಗಳು ಬಹಳ ಸಣ್ಣ ಪ್ರಮಾಣದಲ್ಲಿ ಕೆಲಸ ಮಾಡುವುದರಿಂದ ಅವುಗಳ ನಕಲಿಗೂ ದೊಡ್ಡ ಪ್ರಮಾಣ ಬೇಕಾಗುವುದಿಲ್ಲ.

ಜನರ ಮೇಲೆ ನಡೆದ ಅಧ್ಯಯನಗಳಲ್ಲಿ ಈ ರಾಸಾಯನಿಕಗಳು ಹೆಚ್ಚು ಇರುವವರಲ್ಲಿ ಸಕ್ಕರೆ ಕಾಯಿಲೆ, ಬೊಜ್ಜು, ಗಂಡಸರಲ್ಲಿ ವೀರ್ಯದ ಗುಣಮಟ್ಟ ಕುಸಿತ, ಹೆಂಗಸರಲ್ಲಿ ಪಿಸಿಒಎಸ್ ಮುಂತಾದವು ಹೆಚ್ಚು ಕಂಡಿವೆ. ಜೊತೆಯಲ್ಲಿ ಕಂಡ ಮಾತ್ರಕ್ಕೆ ಇದೇ ಕಾರಣ ಎಂದು ತೀರ್ಮಾನಿಸಲಾಗದು. ಆದರೆ ಎಚ್ಚರಿಕೆಗೆ ಇಷ್ಟು ಸಾಕು ಎಂದು ಸರಕಾರಗಳೇ ಒಪ್ಪಿಕೊಂಡಿವೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಬಿಪಿಎಯ ದಿನದ ಸುರಕ್ಷಿತ ಮಿತಿಯನ್ನು ಒಮ್ಮೆಗೇ 20,000 ಪಟ್ಟು ಇಳಿಸಿತು. ನಮ್ಮ ದೇಶದಲ್ಲಿ ಭಾರತೀಯ ಮಾನಕ ಸಂಸ್ಥೆಯು 2015ರಲ್ಲಿ ಮಕ್ಕಳ ಹಾಲಿನ ಬಾಟಲಿಯಲ್ಲಿ ಬಿಪಿಎ ಇರಕೂಡದೆಂದು ನಿಯಮ ಮಾಡಿತು.

ಹೆಚ್ಚು ಜಾಗ್ರತೆ ಬೇಕಾದವರು ಗರ್ಭಿಣಿಯರು, ಎಳೆಯ ಮಕ್ಕಳು ಮತ್ತು ಮಗು ಬೇಕೆಂದು ಬಯಸುತ್ತಿರುವ ದಂಪತಿಗಳು. ಗರ್ಭದಲ್ಲಿ ಅಂಗಾಂಗಗಳು ರೂಪುಗೊಳ್ಳುವುದೇ ಹಾರ್ಮೋನುಗಳ ಅಪ್ಪಣೆಯಂತೆ. ಆ ಹೊತ್ತಿನಲ್ಲಿ ನಕಲಿ ಕೀಲಿ ಒಳಗೆ ಬರುವುದು ಒಳ್ಳೆಯದಲ್ಲ.

ಪ್ಲಾಸ್ಟಿಕ್ ಯಾವಾಗ ಬಿಡುತ್ತದೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ಡಬ್ಬಿಯಲ್ಲಿ ತುಂಬಿಸಿಟ್ಟ ಅಕ್ಕಿಯೂ ಕವರಿನಲ್ಲಿ ಕಟ್ಟಿದ ಬಿಸಿ ಗಂಜಿಯೂ ಒಂದೇ ಅಲ್ಲ. ಒಣಗಿದ, ತಣ್ಣಗಿನ ವಸ್ತುವಿಗೆ ಪ್ಲಾಸ್ಟಿಕ್ ಬಹಳ ಕಡಿಮೆ ಬಿಟ್ಟುಕೊಡುತ್ತದೆ. ಅದನ್ನು ಹೊರಗೆಳೆಯುವವು ಮೂರು: ಬಿಸಿ, ಎಣ್ಣೆ, ಹುಳಿ. ಹೊತ್ತು ಹೆಚ್ಚಾದಷ್ಟೂ, ಪಾತ್ರೆ ಹಳೆಯದಾಗಿ ಗೀರು ಬಿದ್ದಷ್ಟೂ ಬಿಡುವುದು ಹೆಚ್ಚು. ಬಿರಿಯಾನಿ, ಮೀನು ಸಾರು, ಉಪ್ಪಿನಕಾಯಿ ಇವುಗಳಲ್ಲಿ ಈ ಮೂರರಲ್ಲಿ ಎರಡಾದರೂ ಇರುತ್ತವೆ.

ನಮ್ಮ ರಾಜ್ಯದಲ್ಲೇ ಇದಕ್ಕೆ ಒಂದು ಉದಾಹರಣೆ ಇದೆ. 2025ರ ಫೆಬ್ರವರಿಯಲ್ಲಿ ಆಹಾರ ಸುರಕ್ಷತಾ ಇಲಾಖೆ ಸುಮಾರು 250 ಕಡೆಗಳ ಇಡ್ಲಿಯನ್ನು ಪರಿಶೀಲಿಸಿತು. ಐವತ್ತರಷ್ಟು ಕಡೆ ಇಡ್ಲಿ ತಟ್ಟೆಯ ಮೇಲೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದುದು ಕಂಡುಬಂತು. ಸರಕಾರ ಅದನ್ನು ನಿಷೇಧಿಸಿತು. ಬಟ್ಟೆ ಒಗೆಯುವ ಕಷ್ಟ ತಪ್ಪಿಸಲು ಹೊರಟವರು ಬೆಳಗಿನ ಅತಿ ಹಗುರವಾದ, ಕಾಯಿಲೆಯವರಿಗೂ ಕೊಡುವ ತಿಂಡಿಯನ್ನು ಕುದಿಯುವ ಹಬೆಯಲ್ಲಿ ಪ್ಲಾಸ್ಟಿಕ್ ಜೊತೆ ಬೇಯಿಸಿದ್ದರು.

"ನಾವು ಪ್ಲಾಸ್ಟಿಕ್ ಲೋಟ ಬಿಟ್ಟು ಪೇಪರ್ ಲೋಟ ತಂದಿದ್ದೇವೆ" ಎಂದು ಹಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಪೇಪರ್ ಲೋಟದಲ್ಲಿ ಚಹಾ ಸೋರದಿರುವುದು ಅದರೊಳಗಿನ ತೆಳು ಪ್ಲಾಸ್ಟಿಕ್ ಪದರದಿಂದಾಗಿ. ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ ಇದನ್ನು ಪರೀಕ್ಷಿಸಿದರು. 85ರಿಂದ 90 ಡಿಗ್ರಿ ಬಿಸಿಯ 100 ಮಿಲಿಲೀಟರ್ ದ್ರವ 15 ನಿಮಿಷ ಆ ಲೋಟದಲ್ಲಿದ್ದರೆ ಸುಮಾರು 25,000 ಸೂಕ್ಷ್ಮ ಕಣಗಳು ಅದಕ್ಕೆ ಸೇರುತ್ತವೆ. ದಿನಕ್ಕೆ ಮೂರು ಲೋಟ ಚಹಾ ಕುಡಿಯುವವರ ಲೆಕ್ಕ ನೀವೇ ಹಾಕಿಕೊಳ್ಳಿ.

ಮಗುವಿನ ಬಾಟಲಿಯ ವಿಷಯ ಇನ್ನೂ ಮುಖ್ಯ. ಬಿಪಿಎ ಇಲ್ಲದ ಬಾಟಲಿಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್‌ನವು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರು 2020ರಲ್ಲಿ ಇಂತಹ ಬಾಟಲಿಯಲ್ಲಿ ನೀರು ತುಂಬಿಸಿ ಕುಲುಕಿ ನೋಡಿದರು. 25 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 6 ಲಕ್ಷ ಕಣಗಳು ಸಿಕ್ಕರೆ, 95 ಡಿಗ್ರಿಯ ನೀರಿನಲ್ಲಿ ಐದೂವರೆ ಕೋಟಿ ಸಿಕ್ಕವು. ಬಾಟಲಿ ಅದೇ. ವ್ಯತ್ಯಾಸ ಬಿಸಿಯದ್ದು ಮಾತ್ರ.

ಕಣಗಳು ದೇಹದಲ್ಲಿ ಏನು ಮಾಡುತ್ತವೆ?

ಆ ಗರ್ಭಿಣಿ ನೋಡಿದ ವೀಡಿಯೊ ಸುಳ್ಳಲ್ಲ. ಇಟಲಿಯ ವೈದ್ಯರು ಆರು ಬಾಣಂತಿಯರ ಮಾಸನ್ನು ಪರೀಕ್ಷಿಸಿ ನಾಲ್ಕರಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳನ್ನು ಕಂಡರು. ಆ ವರದಿ 2021ರಲ್ಲಿ ಅಚ್ಚಾಯಿತು. 2022ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 22 ಆರೋಗ್ಯವಂತರ ರಕ್ತ ನೋಡಿದಾಗ 17 ಮಂದಿಯಲ್ಲಿ ಪ್ಲಾಸ್ಟಿಕ್ ಇತ್ತು. 2024ರಲ್ಲಿ ಇಟಲಿಯಿಂದಲೇ ಇನ್ನೊಂದು ವರದಿ ಬಂತು. ಕತ್ತಿನ ರಕ್ತನಾಳದಲ್ಲಿ ಕಟ್ಟಿದ್ದ ಕೊಬ್ಬನ್ನು ಶಸ್ತ್ರಕ್ರಿಯೆಯಿಂದ ತೆಗೆದಾಗ 257 ರೋಗಿಗಳ ಪೈಕಿ 150 ಮಂದಿಯ ಕೊಬ್ಬಿನಲ್ಲಿ ಪಾಲಿಥೀನ್ ಸಿಕ್ಕಿತು. ಮುಂದಿನ ಸುಮಾರು ಮೂರು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಇವರಲ್ಲಿ ಉಳಿದವರಿಗಿಂತ ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಪ್ಲಾಸ್ಟಿಕ್ಕೇ ಇದಕ್ಕೆ ಕಾರಣ ಎಂದು ಆ ವೈದ್ಯರು ಹೇಳಿಲ್ಲ. ನಾನೂ ಹೇಳುವುದಿಲ್ಲ. ಆದರೆ ಕಣ ಒಳಗೆ ಹೋಗಿ ಸುಮ್ಮನೆ ಹೊರಗೆ ಬರುತ್ತದೆ ಎಂಬ ನಂಬಿಕೆಗೆ ಈಗ ಆಧಾರವಿಲ್ಲ.

ಪಾತ್ರೆಯ ಗುಣ ಪದಾರ್ಥಕ್ಕೆ

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ. ಅವುಗಳಲ್ಲಿ ಮೊದಲನೆಯದು ಗಾಳಿ, ಎರಡನೆಯದು ಅನ್ನಪಾನ. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ 'ಅಲ್-ಕಾನೂನ್' ಗ್ರಂಥದಲ್ಲಿ ನೀರಿನ ಬಗ್ಗೆ ಬರೆಯುವಾಗ ಸೀಸದ ಕೊಳವೆಯಲ್ಲಿ ಹರಿದು ಬಂದ ನೀರು ಕೆಟ್ಟದ್ದು, ಅದು ಸೀಸದ ಗುಣವನ್ನು ಹೀರಿಕೊಂಡು ಕರುಳಿಗೆ ಹಾನಿ ಮಾಡುತ್ತದೆ ಎಂದು ಎಚ್ಚರಿಸಿದ್ದರು. ಅವರ ಕಾಲದಲ್ಲಿ ಪ್ಲಾಸ್ಟಿಕ್ ಇರಲಿಲ್ಲ. ಆದರೆ ಏನನ್ನು ಕುಡಿಯುತ್ತೇವೆ ಎಂಬಷ್ಟೇ ಯಾವುದರಲ್ಲಿ ಕುಡಿಯುತ್ತೇವೆ ಎಂಬುದೂ ಮುಖ್ಯ ಎಂಬ ಅವರ ತಿಳಿವಳಿಕೆ ಇಂದಿಗೂ ಹೊಂದುತ್ತದೆ.

ಹೇಳಲು ಸಂಕೋಚವಾದರೂ ಹೇಳುತ್ತೇನೆ. ನಾನು ಇದನ್ನು ಓದಿದವನಾಗಿಯೂ ಬಹಳ ವರ್ಷ ರೋಗಿಗಳಿಗೆ ರೋಗನ್, ಅಂದರೆ ಎಣ್ಣೆಯ ಔಷಧಿಗಳನ್ನು, ತೆಳು ಪ್ಲಾಸ್ಟಿಕ್ ಬಾಟಲಿಯಲ್ಲಿಯೇ ತುಂಬಿಸಿ ಕೊಡುತ್ತಿದ್ದೆ. ಜೋಶಾಂದವನ್ನು ಕುದಿಸಿ ಕುಡಿಯಲು ಹೇಳುತ್ತಿದ್ದೆನೇ ಹೊರತು, ಕುದಿಸಿದ್ದನ್ನು ಪ್ಲಾಸ್ಟಿಕ್ ಬಾಟಲಿಗೆ ಸುರಿದು ಕೆಲಸಕ್ಕೆ ಕೊಂಡೊಯ್ಯಬೇಡಿ ಎಂದು ಹೇಳುತ್ತಿರಲಿಲ್ಲ. ಒಮ್ಮೆ ರೋಗಿಯೊಬ್ಬರು ಬಿಸಿಗೆ ಸೊಟ್ಟಗಾದ ಬಾಟಲಿಯನ್ನು ಹಿಡಿದು ಬಂದು "ನಿಮ್ಮ ಔಷಧಿಗೆ ಏನು ಶಕ್ತಿ ಡಾಕ್ಟ್ರೇ, ಬಾಟಲಿಯೇ ಬಾಗಿತು" ಎಂದು ನಕ್ಕರು. ಅಂದಿನಿಂದ ಗಾಜಿನ ಬಾಟಲಿ ಇಟ್ಟಿದ್ದೇನೆ.

ಒಳ್ಳೆಯ ಸುದ್ದಿ

ಬಿಪಿಎ ದೇಹದಲ್ಲಿ ನೆಲೆಸುವುದಿಲ್ಲ. ಅದರ ಬಹುಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೋಗಿಬಿಡುತ್ತದೆ. ಥಾಲೇಟ್‌ಗಳೂ ಹೆಚ್ಚು ದಿನ ನಿಲ್ಲುವುದಿಲ್ಲ. ಹಾಗಾದರೆ ಎಲ್ಲರ ಮೂತ್ರದಲ್ಲೂ ಇವು ಸದಾ ಸಿಗುವುದೇಕೆ? ಹೋದಷ್ಟನ್ನು ನಾವು ಪ್ರತಿದಿನ ಮತ್ತೆ ತುಂಬಿಸುತ್ತಿರುವುದರಿಂದ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದ ಐದು ಕುಟುಂಬಗಳ 20 ಮಂದಿಗೆ ಮೂರು ದಿನ ತಾಜಾ ಅಡುಗೆಯನ್ನು, ಡಬ್ಬಿ ಆಹಾರವಿಲ್ಲದೆ, ಪ್ಲಾಸ್ಟಿಕ್ ಮುಟ್ಟಿಸದೆ ಕೊಟ್ಟು ನೋಡಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೂರೇ ದಿನಗಳಲ್ಲಿ ಅವರ ಮೂತ್ರದಲ್ಲಿದ್ದ ಬಿಪಿಎ ಸರಾಸರಿ ಮೂರನೇ ಎರಡು ಭಾಗದಷ್ಟು, ಒಂದು ಮುಖ್ಯ ಥಾಲೇಟ್ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಯಾವ ಔಷಧಿಯನ್ನೂ ಕೊಟ್ಟಿರಲಿಲ್ಲ.

ಆದ್ದರಿಂದಲೇ ಹೇಳುತ್ತೇನೆ, 'ಡಿಟಾಕ್ಸ್' ಎಂಬ ಹೆಸರಿನ ಪುಡಿ, ಕಷಾಯಗಳಿಗೆ ಹಣ ಸುರಿಯಬೇಡಿ. ಹಿಜಾಮಾ ಮಾಡಿಸಿಕೊಂಡರೆ ಪ್ಲಾಸ್ಟಿಕ್ ಹೊರಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೂತ್ರಪಿಂಡವೂ ಯಕೃತ್ತೂ ತಮ್ಮ ಕೆಲಸವನ್ನು ಮಾಡುತ್ತಿವೆ. ಹಾಗೆಯೇ, ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆ ಇರುವವರು "ಇದೆಲ್ಲ ಪ್ಲಾಸ್ಟಿಕ್‌ನಿಂದ" ಎಂದುಕೊಂಡು ತೆಗೆದುಕೊಳ್ಳುತ್ತಿರುವ ಔಷಧಿಯನ್ನು ನಿಲ್ಲಿಸಬಾರದು.

ಬಚ್ಚಲೊಲೆಗೆ ಪ್ಲಾಸ್ಟಿಕ್ ಹಾಕಬೇಡಿ

ಒಂದು ವಿಷಯದಲ್ಲಿ ಮಾತ್ರ ಮೇಲಿನ ಸಮಾಧಾನ ಅನ್ವಯಿಸುವುದಿಲ್ಲ. ನಮ್ಮ ಊರುಗಳಲ್ಲಿ ಮಳೆಗಾಲದ ಹಸಿ ಕಟ್ಟಿಗೆ ಹತ್ತಿಕೊಳ್ಳದಿದ್ದಾಗ ಸ್ನಾನದ ನೀರಿನ ಹಂಡೆಯ ಒಲೆಗೆ ಹಾಲಿನ ಕವರ್, ಹಳೆಯ ಚಪ್ಪಲಿ, ಹರಿದ ಫ್ಲೆಕ್ಸ್ ತುರುಕುವುದುಂಟು. ಫ್ಲೆಕ್ಸ್, ಪೈಪಿನ ತುಂಡು, ರೆಕ್ಸಿನ್ ಇವುಗಳಲ್ಲಿ ಪಿವಿಸಿ ಇರುತ್ತದೆ. ಅದರಲ್ಲಿ ಕ್ಲೋರಿನ್ ಇದೆ. ಕಡಿಮೆ ಬಿಸಿಯ ಒಲೆಯಲ್ಲಿ ಅದು ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಬಿಪಿಎ ಒಂದು ದಿನದಲ್ಲಿ ಹೋಗುತ್ತದೆ ಎಂದೆನಲ್ಲ, ಡಯಾಕ್ಸಿನ್ ಹಾಗಲ್ಲ. ಅದು ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ದೇಹ ಸೇರಿದ್ದು ಅರ್ಧಕ್ಕೆ ಇಳಿಯಲು 7ರಿಂದ 11 ವರ್ಷ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ಅತಿ ವಿಷಕಾರಿಯಾದುದು ಕ್ಯಾನ್ಸರ್ ತರುತ್ತದೆಂದು ಖಚಿತವಾಗಿದೆ. ಬೂದಿ ತೋಟಕ್ಕೆ ಹೋಗುತ್ತದೆ, ಹೊಗೆ ಹುಲ್ಲಿನ ಮೇಲೆ ಇಳಿಯುತ್ತದೆ, ಹಸುವಿನ ಹಾಲು ಮತ್ತು ಕೋಳಿಯ ಮೊಟ್ಟೆಯ ಮೂಲಕ ಅದು ನಮ್ಮ ತಟ್ಟೆಗೇ ಮರಳುತ್ತದೆ. ಒಲೆಯ ಮುಂದೆ ಕುಳಿತು ಊದುವವರು ಹೆಚ್ಚಾಗಿ ಮನೆಯ ಹೆಂಗಸರು. ಒಣ ತೆಂಗಿನ ಗರಿ, ಸಿಪ್ಪೆ, ಗೆರಟೆಯನ್ನು ಮಳೆಗಾಲಕ್ಕೆ ಮೊದಲೇ ಕೂಡಿಟ್ಟರೆ ಪ್ಲಾಸ್ಟಿಕ್ ಬೇಕಾಗುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು

ಮನೆಯ ಪ್ಲಾಸ್ಟಿಕ್ಕನ್ನೆಲ್ಲ ನಾಳೆಯೇ ಹೊರಗೆಸೆಯಿರಿ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಎಲ್ಲರಲ್ಲೂ ಹಣ ಇರುವುದಿಲ್ಲ, ಅಗತ್ಯವೂ ಇಲ್ಲ. ಅಕ್ಕಿ, ಬೇಳೆ, ಸಕ್ಕರೆಯ ಡಬ್ಬಿಗಳು ಹಾಗೆಯೇ ಇರಲಿ. ಈ ಕೆಳಗಿನವುಗಳಿಂದ ಆರಂಭಿಸಿ.

• ಬಿಸಿ ಚಹಾ, ಗಂಜಿ, ಸಾರನ್ನು ಕವರಿನಲ್ಲಿ ಕಟ್ಟಿಸಿಕೊಳ್ಳಬೇಡಿ. ಸ್ಟೀಲಿನ ಕ್ಯಾನ್ ಅಥವಾ ಟಿಫಿನ್ ಕ್ಯಾರಿಯರ್ ಕೊಂಡೊಯ್ಯಿರಿ. ಬಣ್ಣದ ತೆಳು ಕವರ್‌ಗಳನ್ನು ಹೆಚ್ಚಾಗಿ ಕಸದ ಪ್ಲಾಸ್ಟಿಕ್ ಕರಗಿಸಿ ಮಾಡಿರುತ್ತಾರೆ. ಅದಕ್ಕೆ ಬದಲು ಪತ್ರಿಕೆಯ ಕಾಗದದಲ್ಲಿ ಬಜ್ಜಿ, ಸಮೋಸ ಕಟ್ಟುವುದೂ ತಪ್ಪು, ಶಾಯಿ ಎಣ್ಣೆಗೆ ಇಳಿಯುತ್ತದೆ. ಬಾಳೆ ಎಲೆ ಒಳ್ಳೆಯದು.

• ಮಕ್ಕಳ ಶಾಲೆಯ ಊಟದ ಡಬ್ಬಿ ಮತ್ತು ನೀರಿನ ಬಾಟಲಿ ಸ್ಟೀಲಿನದ್ದಿರಲಿ. ಮನೆಯಲ್ಲಿ ಮೊದಲು ಬದಲಾಯಿಸಬೇಕಾದದ್ದು ಇವೆರಡು.

• ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ ಕೊಡಿ. ಪ್ಲಾಸ್ಟಿಕ್‌ನ ಭಯದಿಂದ ಹಾಲೂಡಿಸುವುದನ್ನು ನಿಲ್ಲಿಸಬೇಡಿ, ಅದಕ್ಕೆ ಸಮನಾದದ್ದು ಬೇರೆ ಇಲ್ಲ. ಪುಡಿ ಹಾಲು ಅನಿವಾರ್ಯವಾದರೆ ಕುದಿಸಿದ ಬಿಸಿ ನೀರಿನಲ್ಲಿ ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಕಲಸಿ, ಉಗುರು ಬೆಚ್ಚಗಾದ ಮೇಲೆ ಮಾತ್ರ ಬಾಟಲಿಗೆ ಹಾಕಿ. ಸ್ಟೀಲಿನ ಒಳಲೆ ಅಥವಾ ಸಣ್ಣ ಲೋಟ, ಚಮಚ ಆದರೆ ಇನ್ನೂ ಒಳ್ಳೆಯದು, ತೊಳೆಯಲೂ ಸುಲಭ.

• ಮೈಕ್ರೋವೇವ್‌ನಲ್ಲಿ ಪ್ಲಾಸ್ಟಿಕ್ ಇಡಬೇಡಿ. 'ಮೈಕ್ರೋವೇವ್ ಸೇಫ್' ಎಂದು ಬರೆದಿದ್ದರೂ ಪಾತ್ರೆ ಕರಗುವುದಿಲ್ಲ ಎಂದು ತಿಳಿಯಬೇಕೇ ಹೊರತು ಏನೂ ಬಿಡುವುದಿಲ್ಲ ಎಂದಲ್ಲ. 'ಬಿಪಿಎ ಇಲ್ಲ' ಎಂಬ ಚೀಟಿಯನ್ನು ಪೂರ್ತಿ ನಂಬಬೇಡಿ. ಅದರ ಜಾಗದಲ್ಲಿ ಬಳಸುವ ಬಿಪಿಎಸ್ ಕೂಡ ಅದೇ ಬಗೆಯದು.

• ಉಪ್ಪಿನಕಾಯಿ, ಹುಣಸೆಹುಳಿ, ತೆಂಗಿನೆಣ್ಣೆ ಇವುಗಳನ್ನು ಭರಣಿ, ಗಾಜು ಅಥವಾ ಸ್ಟೀಲಿನಲ್ಲಿಡಿ. ಗೀರು ಬಿದ್ದ ಮೆಲಮೈನ್ ತಟ್ಟೆಗಳಲ್ಲಿ ಬಿಸಿ ಸಾರು ಬಡಿಸಬೇಡಿ.

• ನೀರಿನ ದೊಡ್ಡ ಕ್ಯಾನನ್ನು ಬಿಸಿಲಿನಲ್ಲಿ, ಕಾರಿನೊಳಗೆ ಇಡಬೇಡಿ. ಗಲ್ಫ್‌ನಲ್ಲಿರುವ ನಿಮ್ಮವರಿಗೂ ಇದನ್ನು ಹೇಳಿ, ಅಲ್ಲಿನ ಬೇಸಿಗೆಯಲ್ಲಿ ಹೊರಗಿಟ್ಟ ಕ್ಯಾನಿನ ನೀರು ಕೈಗೇ ಬಿಸಿ ತಾಗುತ್ತದೆ.

• ಅಗ್ಗದ ಅತ್ತರ್ ಮತ್ತು ಸುಗಂಧಗಳನ್ನು ತೆಳುವಾಗಿಸಲು ಡಿಇಪಿ ಎಂಬ ಥಾಲೇಟ್ ಸೇರಿಸುವುದುಂಟು. ಅತ್ತರ್ ಬಟ್ಟೆಗೆ ಹಚ್ಚಿಕೊಳ್ಳಿ, ಮೈಗೆ ಬೇಡ. ಎಳೆಮಕ್ಕಳಿಗೆ ಬೇಡವೇ ಬೇಡ.

ಹಳೆಯ ತಾಮ್ರದ ದೇಗ, ಹಂಡೆಗಳನ್ನು ಮತ್ತೆ ಬಳಸುವವರಿಗೆ ಒಂದು ಕಿವಿಮಾತು. ಕಲಾಯಿ ಹಾಕಿಸದೆ ಅದರಲ್ಲಿ ಹುಳಿ ಪದಾರ್ಥ ಮಾಡಿದರೆ ತಾಮ್ರವೇ ವಿಷವಾಗುತ್ತದೆ. ಕಲಾಯಿಗೆ ಶುದ್ಧ ತವರ ಬೇಕು. ಅದಕ್ಕೆ ಸೀಸ ಬೆರೆಸಿದರೆ ಇಬ್ನ್ ಸೀನಾ ಹೇಳಿದ ಅಪಾಯಕ್ಕೇ ಮರಳಿದಂತೆ.

ಇಫ್ತಾರ್, ಮದುವೆ

ಇದು ಒಂದು ಮನೆಯಿಂದ ಮುಗಿಯುವ ಕೆಲಸವಲ್ಲ. ರಮಝಾನಿನಲ್ಲಿ ಮಸೀದಿಯಿಂದ ಗಂಜಿ ತರಲು ಮಕ್ಕಳು ಮನೆಯಿಂದಲೇ ಪಾತ್ರೆ ಹಿಡಿದು ಸಾಲು ನಿಲ್ಲುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿರಬಹುದು. ಈಗ ಹಲವೆಡೆ ಕುದಿಯುವ ಗಂಜಿಯನ್ನು ಕವರಿಗೆ ಸುರಿದು ಗಂಟು ಹಾಕಿ ಕೊಡುತ್ತಾರೆ. ದಿನವಿಡೀ ಹಸಿದ ಹೊಟ್ಟೆಗೆ ಮೊದಲು ಬೀಳುವ ಬಿಸಿ ಆಹಾರ ಅದು. ಜಮಾಅತ್ ಕಮಿಟಿಯವರು "ಪಾತ್ರೆ ತಂದವರಿಗೆ ಮಾತ್ರ" ಎಂದು ಒಂದು ವಾರ ಮೊದಲೇ ತಿಳಿಸಿದರೆ ಜನ ತರುತ್ತಾರೆ. ಮದುವೆಗಳಲ್ಲಿ ಬಾಡಿಗೆಗೆ ಸಿಗುವ ಸ್ಟೀಲ್ ಲೋಟ, ತಟ್ಟೆ ಹಾಗೂ ತೊಳೆಯುವವರ ಕೂಲಿಯ ಲೆಕ್ಕ ಹಾಕಿ ನೋಡಿ, ಮದುವೆಯ ಒಟ್ಟು ಖರ್ಚಿನಲ್ಲಿ ಅದು ದೊಡ್ಡ ಮೊತ್ತವಲ್ಲ. ಉಳಿದ ಬಿರಿಯಾನಿಯನ್ನು ನೆಂಟರಿಗೆ ಕಟ್ಟಿಕೊಡುವಾಗಲೂ ಬಾಳೆ ಎಲೆಯೋ ಅವರದ್ದೇ ಪಾತ್ರೆಯೋ ಇರಲಿ.

ಆ ಗರ್ಭಿಣಿಗೆ ನಾನು ಚೀಟಿಯ ಹಿಂಬದಿಯಲ್ಲಿ ಮೂರೇ ಸಾಲು ಬರೆದುಕೊಟ್ಟೆ: ಬಿಸಿಯದ್ದು ಕವರಿನಲ್ಲಿ ಬೇಡ, ಪೇಪರ್ ಲೋಟದ ಚಹಾ ಬೇಡ, ಒಲೆಗೆ ಪ್ಲಾಸ್ಟಿಕ್ ಬೇಡ. ಈಗಾಗಲೇ ಒಳಗೆ ಹೋದದ್ದರ ಬಗ್ಗೆ ಚಿಂತಿಸಿ ನಿದ್ದೆ ಕೆಡಿಸಿಕೊಳ್ಳಬೇಡಿ, ಇಂದಿನಿಂದ ಹೋಗುವುದನ್ನು ಕಡಿಮೆ ಮಾಡಿ ಎಂದೆ. ಮುಂದಿನ ಸಲ ಬಂದಾಗ ಅತ್ತೆಯ ಕೈಯಲ್ಲಿ ಸ್ಟೀಲಿನ ಕ್ಯಾನ್ ಇತ್ತು. "ಹೋಟೆಲಿನವನು ಮೊದಲು ಗೊಣಗಿದ, ಆಮೇಲೆ ಒಂದು ಸೌಟು ಜಾಸ್ತಿಯೇ ಹಾಕಿದ" ಎಂದರು. ನಾಳೆ ಬೆಳಿಗ್ಗೆ ಚಹಾ ತರಲು ಹೊರಡುವಾಗ ನೀವೂ ಅಡುಗೆಮನೆಯಿಂದ ಒಂದು ಪಾತ್ರೆ ಹಿಡಿದುಕೊಂಡೇ ಹೊರಡಿ.